ಕೊಳವೆ ಹುಡುಕುವ ಯಂತ್ರವೂ ನನ್ನ ಬಲಗಿವಿಯೂ

ಮೈಸೂರಿನ ಒಂದು ವಾರಪತ್ರಿಕೆಗೆ ನಂಜನಗೂಡಿನಿಂದ ಸಮಾಚಾರ ಬರೆದು ಕಳಿಸುವ ಕೆಲಸವನ್ನು ನಾನು ಹತ್ತೊಂಬತ್ತು ವರ್ಷಗಳಿಂದ ಮಾಡಿಕೊಂಡು ಬಂದಿದ್ದೇನೆ. ನನ್ನ ಕಿವಿಯಿಂದ ನಾನೇ ಕೇಳದ ಒಂದು ಮಾತನ್ನೂ ಇದುವರೆಗೆ ಬರೆದವನಲ್ಲ. ಸಂತೆಯಲ್ಲಿ ತೂಕ ತಪ್ಪಿಸಿದವರು, ದೋಣಿಗಟ್ಟದಲ್ಲಿ ಜಗಳವಾಡಿದವರು, ಭಾಷಣಕ್ಕೆಂದು ಕರೆಸಿದ ಮೇಲೆ ನಿದ್ದೆ ಹೋದವರು, ಎಲ್ಲರ ತಪ್ಪನ್ನೂ ಹೆಸರು ತಾರೀಖು ಸಮೇತ ಅಚ್ಚು ಹಾಕಿಸಿದ್ದೇನೆ. ಈ ಸಲದ ತಪ್ಪು ನಡೆದದ್ದು ನನ್ನ ಮನೆಯ ಹಿತ್ತಲಿನಲ್ಲಿ. ತಪ್ಪಿತಸ್ಥನ ಹೆಸರು ಚಿಕ್ಕಬಸಪ್ಪ. ವಯಸ್ಸು ನಲವತ್ತೇಳು. ಕಿವಿ ಎರಡು.

ವಿಷಯವಿರುವುದು ಆ ಎರಡನೆಯ ಕಿವಿಯಲ್ಲಿ.

ಏಳು ವರ್ಷಗಳ ಹಿಂದೆ ತಿರುಮಕೂಡಲಿನ ಸಂಗಮದಲ್ಲಿ ಮುಳುಗಿ ಎದ್ದಾಗ ನನ್ನ ಬಲಗಿವಿಗೆ ನೀರು ಹೊಕ್ಕಿತು. (ಕಾವೇರಿಯ ನೀರೋ ಕಪಿಲೆಯ ನೀರೋ ಹೇಳಲಾರೆ. ಅಲ್ಲಿ ಎರಡೂ ಕೂಡುತ್ತವೆ.) ಕಿವಿ ಊದಿಕೊಂಡು ಇಪ್ಪತ್ತು ದಿನ ನಿಜವಾಗಿಯೂ ಕಿವುಡಾಯಿತು. ಬೆಳ್ಳುಳ್ಳಿ ಕಾಯಿಸಿದ ಎಣ್ಣೆ ಬಿಟ್ಟುಕೊಂಡೆ. ಇಪ್ಪತ್ತೊಂದನೆಯ ದಿನ ಜಗಲಿಯ ಮೇಲೆ ಪತ್ರಿಕೆ ಓದುತ್ತಿದ್ದಾಗ ಒಳಗೆ ಟಪ್ಪೆಂದು ಏನೋ ಬಿಟ್ಟುಕೊಂಡಂತಾಗಿ ಕಿವಿ ತೆರೆಯಿತು. ತೆರೆದ ಕಿವಿಗೆ ಮೊದಲು ಬಿದ್ದದ್ದು ನನ್ನ ಹೆಂಡತಿ ಚನ್ನಾಜಮ್ಮನ ದನಿ: "ಏನೂಂದ್ರೆ, ಒಂದೀಟು ಸೌದೆ ಸೀಳ್ಕೊಡ್ತೀರಾ?"

ನಾನು ತಿರುಗಲಿಲ್ಲ. ಮೋಸ ಮಾಡಬೇಕೆಂದು ಅಲ್ಲ, ಓದುತ್ತಿದ್ದ ಪ್ಯಾರಾ ಮುಗಿಯಲಿ ಎಂದು ಅಷ್ಟೆ. ಅಷ್ಟರಲ್ಲಿ ಆಕೆ, "ಪಾಪ, ಆ ಕಿವಿ ಇನ್ನೂ ಬರ್ನಿಲ್ಲ" ಎಂದುಕೊಂಡು ತಾನೇ ಕೊಡಲಿ ತೆಗೆದುಕೊಂಡಳು.

ನನ್ನನ್ನು ಕೆಡಿಸಿದ್ದು ಆ 'ಪಾಪ'.

ಅಂದಿನಿಂದ ನನ್ನ ಬಲಗಿವಿ ಮನೆಯ ಮಟ್ಟಿಗೆ ಮುಚ್ಚಿದ ಬಾಗಿಲಾಯಿತು. ಜಗಲಿಯಲ್ಲಿ ಕೂರುವಾಗ ಬಲಗಡೆ ಅಡಿಗೆಮನೆಗೂ ಕೊಟ್ಟಿಗೆಗೂ ಬರುವಂತೆ ಕೂರುವುದನ್ನು ರೂಢಿ ಮಾಡಿಕೊಂಡೆ. ಎಡಗಿವಿ ಎಂದಿನಂತೆ ಚುರುಕಾಗಿತ್ತು. "ಊಟಕ್ಕೆ ಏಳಿ" ಎಂಬ ಮಾತು ಅದಕ್ಕೆ ಎಂಟು ಮಾರು ದೂರದಿಂದಲೂ ಕೇಳುತ್ತಿತ್ತು.

ಚನ್ನಾಜಮ್ಮ ಒಂದೆರಡು ತಿಂಗಳು ಬಲಗಡೆಯಿಂದ ಕೂಗಿ ನೋಡಿ ಬಿಟ್ಟುಬಿಟ್ಟಳು. ಮನಸ್ಸಿನಲ್ಲಿದ್ದದ್ದನ್ನು ಯಾರಿಗಾದರೂ ಹೇಳಬೇಕಲ್ಲ? ಕೊಟ್ಟಿಗೆಯಲ್ಲಿದ್ದ ಹಸು ಗೌರಿಗೆ ಹೇಳತೊಡಗಿದಳು. ಬೆಳಗಿನ ಹಾಲು ಕರೆಯುವಾಗ ಒಂದು ಅಧ್ಯಾಯ, ಸಂಜೆ ಕರೆಯುವಾಗ ಇನ್ನೊಂದು. ಸೊಂಟದ ನೋವು, ಸೋರುವ ಹೆಂಚು, ಬದನವಾಳಿನಲ್ಲಿದ್ದ ತಾಯಿಯನ್ನು ನೋಡಿ ಎರಡು ವರ್ಷವಾದದ್ದು, ಎಲ್ಲವೂ ಗೌರಿಯ ಸನ್ನಿಧಾನದಲ್ಲಿ ನಿವೇದನೆಯಾಗುತ್ತಿತ್ತು. ಕೊಟ್ಟಿಗೆಗೂ ಜಗಲಿಗೂ ನಡುವೆ ಇದ್ದದ್ದು ಒಂದು ಬಿದಿರ ತಡಿಕೆ. ಗೌರಿಗೆ ಕೇಳಿದ್ದೆಲ್ಲ ನನಗೂ ಕೇಳುತ್ತಿತ್ತು. ವ್ಯತ್ಯಾಸವೆಂದರೆ ಗೌರಿ ನಡುನಡುವೆ ತಲೆಯಾಡಿಸುತ್ತಿದ್ದಳು.

ಇನ್ನು ಕೊಳವೆಯ ವಿಷಯ.

ನಮ್ಮ ಬಾವಿ ಹಿತ್ತಲಿನ ಆ ತುದಿಯಲ್ಲಿದೆ, ಬಚ್ಚಲುಮನೆ ಈ ತುದಿಯಲ್ಲಿ. ನಡುವೆ ಎಂಬತ್ತನಾಲ್ಕು ಹೆಜ್ಜೆ. ನಾಲೆಯ ಕೆಲಸದಲ್ಲಿ ಓವರ್ಸಿಯರ್ ಆಗಿ ನಿವೃತ್ತರಾದ ನಮ್ಮ ತಂದೆ ಹದಿನಾಲ್ಕು ವರ್ಷಗಳ ಹಿಂದೆ ಬಾವಿಯ ಪಕ್ಕದಲ್ಲಿ ಎತ್ತರಕ್ಕೆ ಒಂದು ಕಲ್ಲುತೊಟ್ಟಿ ಕಟ್ಟಿಸಿ, ಅಲ್ಲಿಂದ ನೆಲದೊಳಗೆ ಕಬ್ಬಿಣದ ಕೊಳವೆ ಹೂಳಿಸಿ, ಬಚ್ಚಲಿನ ಹಂಡೆಗೇ ನೀರು ಬೀಳುವಂತೆ ಮಾಡಿದರು. ನಮ್ಮ ಆಳು ರಾಚಯ್ಯ ಎತ್ತು ಹೂಡಿ, ಕಪಿಲೆ ಹೊಡೆದು ಬಾವಿಯ ನೀರೆತ್ತಿ ತೊಟ್ಟಿ ತುಂಬಿಸಿದರೆ ದಿನದ ನೀರು ಸಲೀಸು. ತಂದೆಯವರು ಕೊಳವೆಯನ್ನು ನೆಟ್ಟಗೆ ಹೂಳಿಸಿರಲಿಲ್ಲ ಎಂಬುದು ಎಲ್ಲರಿಗೂ ಗೊತ್ತಿತ್ತು. ಮರದ ಬೇರು, ಬಂಡೆ, ತಮ್ಮ ಸ್ವಂತ ಅಭಿಪ್ರಾಯ, ಇವನ್ನೆಲ್ಲ ಸುತ್ತಿಸಿಕೊಂಡು ಹೋಗಿದ್ದರು. ಎಲ್ಲಿ ಸುತ್ತಿಸಿದರು ಎಂಬುದನ್ನು ಮಾತ್ರ ಯಾರಿಗೂ ಹೇಳದೆ ತೀರಿಕೊಂಡರು.

ಈ ದುಂದುಭಿ ಸಂವತ್ಸರದ ಪುಷ್ಯಮಾಸದಲ್ಲಿ ತೊಟ್ಟಿಗೆ ತುಂಬಿದ ನೀರು ಬಚ್ಚಲಿಗೆ ಬರುವುದು ನಿಂತುಹೋಯಿತು. ನಡುವೆ ಎಲ್ಲೋ ನೆಲ ಕುಡಿಯುತ್ತಿತ್ತು. ಚನ್ನಾಜಮ್ಮ ಕೊಡ ಎತ್ತಿದಳು. ದಿನಕ್ಕೆ ನಲವತ್ತು ಕೊಡ. ಲೆಕ್ಕ ನನಗೆ ಹೇಗೆ ಗೊತ್ತೆಂದರೆ, ಪ್ರತಿ ಸಂಜೆ ಆಕೆ ಅದನ್ನು ಗೌರಿಗೆ ಒಪ್ಪಿಸುತ್ತಿದ್ದಳು.

ಒಂದು ದಿನ ಊಟಕ್ಕೆ ಕೂತಿದ್ದಾಗ ಆಕೆ ಎಡಗಡೆಗೇ ಬಂದು ನಿಂತಳು.

"ಮಗಳು ಮುಂದಿನ ತಿಂಗ್ಳು ಮೂಗೂರಿಂದ ಬಾಣಂತನಕ್ಕೆ ಬತ್ತಾಳೆ. ಬಾಣಂತಿಗೆ ದಿನಕ್ಕೆ ಎರಡು ಹಂಡೆ ಬಿಸಿನೀರು. ನನ್ ಸೊಂಟದಲ್ಲಿ ಅಷ್ಟಿಲ್ಲ. ಕೊಳಾಯಿ ರಿಪೇರಿ ಮಾಡಿಸ್ತೀರೋ, ಇಲ್ಲಾ ಅವ್ಳನ್ನ ಅಲ್ಲೇ ಇರು ಅಂತ ಬರೀತೀರೋ?"

"ಅಗೆಸೋಣ ಅಂದ್ರೆ ಎಲ್ಲಿ ಅಗೆಸೋದು? ಹಿತ್ತಿಲೆಲ್ಲಾ ಅಗೆದ್ರೆ ನಿನ್ನ ಮಲ್ಲಿಗೆ, ಅರಿಶಿನ, ವೀಳ್ಯದಂಬು ಒಂದೂ ಉಳಿಯಲ್ಲ."

"ಯಾರನ್ನಾರಾ ಕೇಳ್ಬಾರ್ದಾ?"

"ಕೇಳೋಕೆ ಯಾರಿದ್ದಾರೆ? ಅಪ್ಪ ಹೋದ್ರು. ಅಗೆದ ಆಳುಗಳು ಯಾವೂರವರೋ. ನಾನಂತೂ ಆಗ ಮೈಸೂರಲ್ಲಿದ್ದೆ."

ಆಕೆ ಮಜ್ಜಿಗೆ ಬಡಿಸಿ ಹೋದಳು.

ನಾನು ಮೈಸೂರಿನಲ್ಲಿದ್ದ ಆ ತಿಂಗಳು ಅಗೆಯುವ ಹನ್ನೊಂದು ಆಳಿಗೆ ಮುದ್ದೆ ಬೇಯಿಸಿ ಹಾಕಿದವರು ಯಾರು ಎಂಬ ಪ್ರಶ್ನೆ ಹತ್ತೊಂಬತ್ತು ವರ್ಷದ ಅನುಭವವುಳ್ಳ ಈ ಬಾತ್ಮೀದಾರನಿಗೆ ಹೊಳೆಯಲಿಲ್ಲ. ಹೊಳೆದದ್ದು ಮಾರನೆಯ ಬೆಳಿಗ್ಗೆ, ಅದೂ ತಡಿಕೆಯ ಆಚೆಯಿಂದ.

"ಕೇಳೋಕೆ ಯಾರಿದ್ದಾರೆ ಅಂತಾರೆ ಕಣೇ ಗೌರಿ," ಎನ್ನುತ್ತಿದ್ದಳು ಚನ್ನಾಜಮ್ಮ, ಚೊಂಬಿಗೆ ಹಾಲಿನ ಧಾರೆ ಬೀಳುವ ಸದ್ದಿನ ನಡುವೆ. "ಮಾವ್ನೋರು ಹೂಣ್ಸುವಾಗ ದಿನಾ ನೋಡ್ದೋಳು ನಾನೊಬ್ಳು ಬದುಕಿಲ್ವಾ? ತೊಟ್ಟಿಯಿಂದ ನಿಂಬೆಗಿಡದ ತಾವ ಬಂದು, ಅಲ್ಲಿಂದ ಸೀದಾ ದೊಡ್ಡ ಒರಳಕಲ್ಲಿನ ಕೆಳಕ್ಕೆ ಹೋಗೈತೆ. ಎರಡು ಕೊಳಾಯಿ ಸೇರೋ ಕೂಡುಗಣ್ಣು ಇರೋದೂ ಅಲ್ಲೇ. ಒಡೆದಿದ್ರೆ ಅಲ್ಲೇ ಒಡೆದಿರ್ಬೇಕು. ಕೇಳಿದ್ರೆ ಹೇಳ್ತಿದ್ದೆ."

ನಾನು ಪತ್ರಿಕೆಯನ್ನು ಮಡಿಸಿದೆ. ಒರಳುಕಲ್ಲು! ಸಮಸ್ಯೆ ಬಗೆಹರಿದಿತ್ತು. ಹೆಂಗಸೊಬ್ಬಳು ಗಂಡನಿಗೆ ಸುಳ್ಳು ಹೇಳಿಯಾಳು, ನೆರೆಯವರಿಗೆ ಹೇಳಿಯಾಳು, ಹಾಲು ಕೊಡುತ್ತಿರುವ ಹಸುವಿಗೆ ಹೇಳುವುದುಂಟೆ?

ಆದರೆ ಅದೇ ಕ್ಷಣಕ್ಕೆ ಹೊಸ ಸಮಸ್ಯೆ ಹುಟ್ಟಿತು. "ಒರಳಿನ ಕೆಳಗೆ ಅಗಿ" ಎಂದು ರಾಚಯ್ಯನಿಗೆ ಹೇಳಿದರೆ, ನಿಮಗೆ ಹೇಗೆ ಗೊತ್ತಾಯಿತು ಎಂದು ಆಕೆ ಕೇಳುತ್ತಾಳೆ. ಕೇಳಿಸಿತು ಎನ್ನುವ ಹಾಗಿಲ್ಲ. ಆಕೆಯನ್ನೇ ಕೇಳೋಣವೆಂದರೆ, ಯಾರಿದ್ದಾರೆ ಎಂದು ನಿನ್ನೆ ತಾನೆ ಘೋಷಿಸಿದ್ದೇನೆ. ಗೊತ್ತಿರುವುದನ್ನು ಗೊತ್ತುಮಾಡಿಕೊಳ್ಳಲು ನನಗೊಂದು ಮಾರ್ಗ ಬೇಕಾಗಿತ್ತು.

ಆಗ ನೆನಪಾದವನು ಶಿವಣ್ಣ.

ಶಿವಣ್ಣ ಚನ್ನಾಜಮ್ಮನ ತಮ್ಮ. ಮೈಸೂರಿನಲ್ಲಿ ನೆಲದೊಳಗೆ ಪೈಪು, ತಂತಿ ಹೂಳುವ ಒಬ್ಬ ಕಂಟ್ರಾಕ್ಟರನ ಬಳಿ ಮೇಸ್ತ್ರಿ. ಹೂತ ಕೊಳವೆಯನ್ನು ಅಗೆಯದೆಯೇ ಪತ್ತೆಮಾಡುವ ಒಂದು ವಿದ್ಯುತ್ ಯಂತ್ರ ಬಂದಿದೆಯೆಂದು ದೀಪಾವಳಿಗೆ ಬಂದಾಗ ಹೇಳಿದ್ದ. ಕಾಗದ ಬರೆದೆ. ಆ ಭಾನುವಾರವೇ ಬೆಳಗಿನ ರೈಲಿಗೆ ಎರಡು ಮರದ ಪೆಟ್ಟಿಗೆಗಳೊಂದಿಗೆ ಬಂದಿಳಿದ.

ನಾನು ಅಷ್ಟರಲ್ಲಿ 'ನಂಜನಗೂಡಿನಲ್ಲಿ ವಿಜ್ಞಾನದ ದಿಗ್ವಿಜಯ' ಎಂಬ ತಲೆಬರಹದ ವರದಿಯನ್ನು ಬರೆದು ಕೋಟಿನ ಜೇಬಿನಲ್ಲಿ ಇಟ್ಟುಕೊಂಡಿದ್ದೆ. (ನಡೆಯದ ಘಟನೆಯನ್ನು ಬರೆದದ್ದು ನನ್ನ ಜೀವಮಾನದಲ್ಲಿ ಅದೊಂದೇ ಸಲ.) "ಯಂತ್ರವು ದೊಡ್ಡ ಒರಳುಕಲ್ಲಿನ ಬಳಿ ಭೋರ್ಗರೆಯಿತು" ಎಂಬ ವಾಕ್ಯ ಅದರಲ್ಲಿ ಚೆನ್ನಾಗಿ ಬಂದಿತ್ತು.

ಹಿತ್ತಲಿನಲ್ಲಿ ಶಿವಣ್ಣ ಪೆಟ್ಟಿಗೆ ಬಿಚ್ಚಿದ. ಒಂದರಲ್ಲಿ ಬ್ಯಾಟರಿಯೂ ಜೀರುಂಡೆಯಂತೆ ಕಿರ್ರೆನ್ನುವ ಒಂದು ಹಿತ್ತಾಳೆಯ ತುಂಡೂ ಇದ್ದವು. ಅದರ ಒಂದು ತಂತಿಯನ್ನು ಬಚ್ಚಲಿನಲ್ಲಿ ಹೊರಗೆ ಚಾಚಿದ್ದ ಕೊಳವೆಯ ಬಾಯಿಗೆ ಬಿಗಿದ. ಇನ್ನೊಂದು ತಂತಿಯನ್ನು ಕಬ್ಬಿಣದ ಗೂಟಕ್ಕೆ ಕಟ್ಟಿ ಒದ್ದೆ ನೆಲದಲ್ಲಿ ಹೊಡೆದ. ಎರಡನೆಯ ಪೆಟ್ಟಿಗೆಯಿಂದ ಹೊರಬಂದದ್ದು ತಾಮ್ರದ ತಂತಿ ಸುತ್ತಿದ ಒಂದು ಮರದ ಚೌಕಟ್ಟು. ಅದಕ್ಕೆ ಟೆಲಿಫೋನಿನ ಕಿವಿಬಟ್ಟಲು ಜೋಡಿಸಿತ್ತು.

"ಇದನ್ನ ಹಿಡ್ಕಂಡು ನಡೀಬೇಕು ಭಾವ," ಎಂದ ಶಿವಣ್ಣ. "ಪೈಪಿನ ನೆತ್ತಿ ಮೇಲೆ ಬಂದ್ರೆ ಕಿವೀಲಿ ಜೋರಾಗಿ ಗುಂಯ್ ಅಂತದೆ. ಪಕ್ಕಕ್ಕೆ ಸರಿದ್ರೆ ಸಣ್ಣಗಾಗ್ತದೆ. ಅಷ್ಟೇ. ಇದು ಸುಳ್ಳು ಹೇಳಲ್ಲ, ಕೇಳಿಸ್ಕಳೋರು ನೆಟ್ಟಗಿದ್ರೆ ಸಾಕು."

ಅಷ್ಟು ಹೊತ್ತಿಗೆ ಪಕ್ಕದ ಮನೆಯ ಕೆಂಪಾಜಮ್ಮ ಗೋಡೆಯ ಮೇಲೆ ಗಲ್ಲ ಇಟ್ಟು ನಿಂತಿದ್ದಳು. ರಾಚಯ್ಯ ಗುದ್ದಲಿ ಹಿಡಿದು ಬಂದಿದ್ದ. ಚನ್ನಾಜಮ್ಮ ಸೆರಗು ಸಿಕ್ಕಿಸಿಕೊಂಡು ಬಚ್ಚಲ ಬಾಗಿಲಲ್ಲಿ ನಿಂತಳು.

"ನಾನು ಕೇಳ್ತೀನಿ," ಎಂದು ಕೈಚಾಚಿದೆ.

"ನೀವಾ?" ಶಿವಣ್ಣ ಅಕ್ಕನ ಕಡೆ ನೋಡಿದ. "ನಿಮ್ ಕಿವಿ..."

"ಎಡಗಿವಿ ಗಟ್ಟಿಯಾಗಿದೆ ಕಣಯ್ಯ," ಎಂದೆ.

"ಊಂ ಕಣಪ್ಪ, ಎಡದ್ದು ಬಲು ಗಟ್ಟಿ," ಎಂದಳು ಚನ್ನಾಜಮ್ಮ.

ಬಟ್ಟಲನ್ನು ಎಡಗಿವಿಗೆ ಒತ್ತಿಕೊಂಡು, ಚೌಕಟ್ಟನ್ನು ನೆಲದ ಮೇಲೆ ತೇಲಿಸುತ್ತ ಹೊರಟೆ. ಮುಚ್ಚುಮರೆಯಿಲ್ಲದೆ ಹೇಳುತ್ತೇನೆ: ಯಂತ್ರ ತನ್ನ ಕೆಲಸವನ್ನು ಪ್ರಾಮಾಣಿಕವಾಗಿ ಮಾಡಿತು. ಬಚ್ಚಲಿನಿಂದ ಎಡಕ್ಕೆ ಹೊರಳಿ ಗೋಡೆಯ ಪಕ್ಕದಲ್ಲಿ ಹೋದಾಗ ಕಿವಿಯಲ್ಲಿ ಸ್ಪಷ್ಟವಾಗಿ ಗುಂಯ್‌ಗುಟ್ಟಿತು. ಮಲ್ಲಿಗೆ ಚಪ್ಪರದ ಬಳಿ ಆ ಸದ್ದು ಜೋರಾಯಿತು, ಚಪ್ಪರ ದಾಟುತ್ತಲೇ ಸಣ್ಣಗಾಯಿತು. ಅಲ್ಲಿ ನಿಂತು, ಯಂತ್ರಕ್ಕೆ ಏನೋ ದೋಷವಿರಬೇಕೆಂದು ತೀರ್ಮಾನಿಸಿದೆ. ಒರಳುಕಲ್ಲಿದ್ದದ್ದು ಅಲ್ಲಿಂದ ಹತ್ತು ಮಾರು ಬಲಕ್ಕೆ. ಅತ್ತ ನಡೆದೆ. ಗುಂಯ್ ಎನ್ನುವುದು ಗುಂ ಆಯಿತು, ಒಂದು ನಿಟ್ಟುಸಿರಾಯಿತು, ಒರಳುಕಲ್ಲು ಮುಟ್ಟುವ ಹೊತ್ತಿಗೆ ಏನೂ ಇಲ್ಲವಾಯಿತು. ಬಟ್ಟಲಿನೊಳಗೆ ಕೇಳುತ್ತಿದ್ದದ್ದು ನನ್ನ ರಕ್ತ ಹರಿಯುವ ಸದ್ದು ಮಾತ್ರ.

"ಇಲ್ಲಿ!" ಎಂದು ಕೂಗಿದೆ.

"ಅಲ್ಲೇನಾ?" ಶಿವಣ್ಣ ಹುಬ್ಬು ಏರಿಸಿದ. "ಸದ್ದು ಜೋರಾಗಿ ಅದಾ?"

"ಭೋರ್ಗರೀತಿದೆ."

"ಒಂಚೂರು ಕೊಡಿ, ನಾನೂ ಕೇಳ್ತೀನಿ."

"ಬೇಡ. ಕೈ ಬದಲಾದರೆ ಸೂಕ್ಷ್ಮ ತಪ್ಪುತ್ತದೆ," ಎಂದೆ. ಈ ಸಿದ್ಧಾಂತ ಆ ಯಂತ್ರವನ್ನು ಮಾಡಿದವರಿಗೂ ಗೊತ್ತಿರಲಾರದು.

ಅದು ಮುತ್ತಜ್ಜಿಯ ಕಾಲದ ಒರಳು. ಎದೆಯೆತ್ತರದ ಬಂಡೆಯನ್ನು ಅರ್ಧ ಹೂತು ಮಾಡಿದ್ದು. ಬೀದಿಯಿಂದ ನಾಲ್ಕು ಜನರನ್ನು ಕರೆಸಿ ಹಾರೆ ಕೊಟ್ಟು ಉರುಳಿಸಿದ್ದಾಯಿತು. ರಾಚಯ್ಯ ಅಗೆಯತೊಡಗಿದ. ಮೊಣಕಾಲುದ್ದ ಹೋಯಿತು, ಏನೂ ಇಲ್ಲ. ಸೊಂಟದುದ್ದ ಹೋಯಿತು, ಎರೆಹುಳು ಬಂದವು. ಎದೆಯುದ್ದ ಹೋದಾಗ ರಾಚಯ್ಯ ಹಳ್ಳದೊಳಗಿಂದಲೇ ತಲೆ ಎತ್ತಿ ಕೇಳಿದ:

"ಸಾಮಿ, ದೊಡ್ ಬುದ್ಯೋರು ಕೊಳಾಯಿ ಊಣ್ಸಿದ್ರೋ, ಇಲ್ಲಾ ಪಾತಾಳಕ್ಕೆ ಮೆಟ್ಲು ಕಟ್ಸಿದ್ರೋ? ಇನ್ನೊಂದಾಳುದ್ದ ಅಗೆದ್ರೆ ಇಲ್ಲೇ ಒಸ ಬಾವಿ ಆಯ್ತದೆ. ಅಳೇ ಕೊಳಾಯೇ ಬ್ಯಾಡ."

ಗೋಡೆಯ ಮೇಲಿಂದ ಕೆಂಪಾಜಮ್ಮ, "ಬಾವಿ ಆದ್ರೆ ನಮ್ಗೂ ಒಂದು ಅಗ್ಗ ಇಳಿಬುಡಾಕೆ ಬಿಡಿ ಕಣಪ್ಪ" ಎಂದಳು. ಎಲ್ಲರೂ ನಕ್ಕರು. ನಾನೂ ವಿಜ್ಞಾನದ ಪರವಾಗಿ ಸ್ವಲ್ಪ ನಕ್ಕೆ.

ಚನ್ನಾಜಮ್ಮ ಮಾತ್ರ ನಗಲಿಲ್ಲ. ಬಚ್ಚಲ ಬಾಗಿಲಿನಿಂದ ನಿಧಾನವಾಗಿ ನಡೆದು ಬಂದು ನನ್ನ ಬಲಗಡೆ ನಿಂತಳು. ಹಳ್ಳದ ಒಳಗೇ ನೋಡುತ್ತ, ಒಲೆಯ ಮೇಲಿನ ಹಾಲಿಗೆ ಹೇಳುವಷ್ಟು ಮೆಲ್ಲಗೆ ಕೇಳಿದಳು:

"ಮಂಗಳವಾರ ನಾನು ಗೌರಿಗೆ ಹೇಳುವಾಗ ನೀವು ಎಲ್ಲಿದ್ರಿ?"

"ಜಗಲಿ ಮೇಲೆ," ಎಂದೆ.

ಅಂದಮೇಲೆ ಗೊತ್ತಾಯಿತು.

ಬಟ್ಟಲು ಇನ್ನೂ ಎಡಗಿವಿಗೆ ಒತ್ತಿಕೊಂಡೇ ಇತ್ತು. ಎಂದರೆ ಆ ಮಾತು ಯಾವ ಕಿವಿಯಿಂದ ಒಳಗೆ ಹೋಯಿತು ಎಂಬುದರಲ್ಲಿ ಅಲ್ಲಿದ್ದ ಒಬ್ಬರಿಗೂ ಸಂಶಯ ಉಳಿಯುವಂತಿರಲಿಲ್ಲ.

"ಹೋದ ವರ್ಷ ಗೌರಿಹಬ್ಬಕ್ಕೆ ಕಜ್ಜಾಯ ಮಾಡಿ ಅಟ್ಟದ ಮೇಲೆ ಬೂದುಗುಂಬಳದ ಹಿಂದೆ ಇಟ್ಟಿದ್ದೀನಿ ಅಂತ ಅವ್ಳಿಗೆ ಹೇಳಿದ್ದೆ," ಎಂದಳು ಚನ್ನಾಜಮ್ಮ. "ಬೆಳಿಗ್ಗೆ ನೋಡಿದ್ರೆ ಎರಡು ಕಮ್ಮಿ. ಹಸು ಅಟ್ಟ ಹತ್ತೋಲ್ಲ. ಆವತ್ತಿಂದ ಅನುಮಾನ. ಒರಳಿನ ಕೆಳ್ಗೆ ಏನೂ ಇಲ್ಲ. ಸುಮ್ನೆ ಹೇಳ್ದೆ."

ಹಸುವಿಗೆ ಸುಳ್ಳು!

"ಏಳು ವರ್ಷ?" ಎಂದಳು.

ನಾನು ತಲೆಯಾಡಿಸಿದೆ.

"ಎಲ್ಲಾ ಕೇಳುಸ್ತಿತ್ತಾ?"

"ಎಲ್ಲಾ."

"ಅವ್ವನ್ನ ನೋಡ್ಬೇಕು ಅಂದದ್ದೂ?"

ಆಗ ನನಗೆ ಆ ಹಳ್ಳ ಇನ್ನೂ ಆಳವಾಗಿದ್ದರೆ ಒಳ್ಳೆಯದಿತ್ತು ಅನ್ನಿಸಿತು. ಜಗಳವಾಡುತ್ತಾಳೆಂದು ಕಾದೆ. ಆಡಲಿಲ್ಲ. ಆಡಿದ್ದರೆ ಉತ್ತರವಾದರೂ ಕೊಡಬಹುದಿತ್ತು. ಆಕೆ ನನ್ನ ಕೈಯಿಂದ ಬಟ್ಟಲನ್ನೂ ಚೌಕಟ್ಟನ್ನೂ ತೆಗೆದುಕೊಂಡಳು. "ಹೆಂಗೆ ಹಿಡಿಯೋದು ಶಿವಣ್ಣ?" ಎಂದು ಕೇಳಿ, ಕಿವಿಗೆ ಇಟ್ಟುಕೊಂಡು, ಗೋಡೆಯ ಪಕ್ಕದಲ್ಲೇ ನಡೆದು, ಮಲ್ಲಿಗೆ ಚಪ್ಪರದ ಬಳಿ ನಿಂತಳು.

"ಇಲ್ಲಿ ಬಲು ಚೆನ್ನಾಗಿ ಹಾಡ್ತದೆ," ಎಂದಳು. "ಮಾವ್ನೋರೂ ಇಲ್ಲೇ ಕುರ್ಚಿ ಹಾಕ್ಕಂಡು ಕೂತು ಹೂಣ್ಸಿದ್ದು."

ರಾಚಯ್ಯ ಎರಡಡಿ ಅಗೆದ. ಗುದ್ದಲಿ ಟಣ್ಣೆಂದಿತು. ತುಕ್ಕು ಹಿಡಿದ ಕೂಡುಗಣ್ಣು ಬಾಯಿ ಬಿಟ್ಟುಕೊಂಡಿತ್ತು. ಸುತ್ತಲ ಮಣ್ಣು ಕೆಸರು. ಶಿವಣ್ಣ ಒಂದು ಗಂಟೆಯಲ್ಲಿ ಹೊಸ ಕೂಡುಗಣ್ಣು ಹಾಕಿ, ನೀರು ಜಿನುಗದಂತೆ ನಾರು ಸುತ್ತಿ, ಸಫೇದ ಮೆತ್ತಿ ಬಿಗಿದ. ಬಚ್ಚಲಿನಲ್ಲಿ ನೀರು ಹಂಡೆಗೆ ಬಿದ್ದ ಸದ್ದು ಎಲ್ಲರಿಗೂ ಕೇಳಿತು. ನನಗೆ ಎರಡು ಕಿವಿಯಲ್ಲೂ ಕೇಳಿತು.

ಮಾರನೆಯ ಬೆಳಿಗ್ಗೆ ಗಾಡಿ ಕಟ್ಟಿಸಿ ಚನ್ನಾಜಮ್ಮ ಬದನವಾಳಿಗೆ ಹೊರಟಳು. ಮಗಳು ಬರುವುದಕ್ಕೆ ಇನ್ನೂ ಹದಿನೈದು ದಿನವಿತ್ತು, ತಾನು ಎಂಟು ದಿನದಲ್ಲಿ ಬರುವುದಾಗಿ ಹೇಳಿದಳು. ಹೇಳಿದ್ದು ರಾಚಯ್ಯನಿಗೆ. ನನ್ನ ಕಡೆ ಒಂದು ಮಾತಿಲ್ಲ. ಗೌರಿಯ ಕಡೆಯೂ ಇಲ್ಲ.

ಅಂದು ಸಂಜೆ ರಾಚಯ್ಯ ಹಾಲು ಕರೆಯಲು ಕೂತ. ಹನಿ ಬೀಳಲಿಲ್ಲ. ಹಿಂಡಿ ಇಟ್ಟ, ಮೈ ತಿಕ್ಕಿದ. ಇಲ್ಲ.

"ಸಾಮಿ, ಇದುಕ್ಕೆ ಮಾತು ಬೇಕು," ಎಂದ. "ಅಮ್ಮಾರು ಯೋಳ್ತಾ ಯೋಳ್ತಾ ಕರೀತಿದ್ರು. ಮಾತು ಕೇಳ್ದೆ ಇದು ಸೊರ ಬಿಡಾಕಿಲ್ಲ, ಆಲು ಇಳಿಯಾಕಿಲ್ಲ. ನಂಗೆ ಯೋಳಾಕೆ ಏನೂ ಇಲ್ಲ. ನೀವೇ ಏನಾರಾ ಯೋಳಿ, ನಿಮ್ತಾವ ಬೇಕಾದಷ್ಟದೆ."

ಹೀಗೆ ನಾನು ಮಣೆ ಹಾಕಿಕೊಂಡು ಗೌರಿಯ ಪಕ್ಕದಲ್ಲಿ ಕೂತೆ. ಮೊದಲ ದಿನ ಪೇಟೆಯ ಧಾರಣೆ ಹೇಳಿದೆ. ಅರ್ಧ ಪಾವು ಬಂತು. ಎರಡನೆಯ ದಿನ ಮೈಸೂರಿನ ಸಮಾಚಾರ. ಅಷ್ಟೇ. ಮೂರನೆಯ ದಿನ ಹೇಳಲು ಬೇರೇನೂ ಇರದೆ ನಿಜ ಹೇಳಿದೆ. ಸೌದೆಯಿಂದ ಶುರುಮಾಡಿದೆ. ಚೊಂಬು ತುಂಬಿತು. ಆಮೇಲೆ ದಿನಕ್ಕೆ ಒಂದೆರಡು ವರ್ಷದಂತೆ ಒಪ್ಪಿಸುತ್ತ ಬಂದೆ. ಏಳನೆಯ ಸಂಜೆ ನಲವತ್ತು ಕೊಡದ ವಿಷಯಕ್ಕೆ ಬಂದಿದ್ದೆ.

"ತಪ್ಪಾಯ್ತು ಕಣೇ ಗೌರಿ," ಎಂದೆ. "ಅವಳಿಗೆ ಹೇಳೋಣ ಅಂದ್ರೆ ಬಾಯಿ ಬರಲ್ಲ. ಅವಳ ಸೊಂಟದ ನೋವು ನನಗೆ ದಿನಾ ಕೇಳಿಸ್ತಿತ್ತು. ಕೇಳಿಸಿಕೊಂಡೂ ಕೂತಿದ್ದೆ."

ಗೌರಿ ಕಿವಿ ನಿಮಿರಿಸಿ ತಡಿಕೆಯ ಕಡೆ ನೋಡಿದಳು. ತಡಿಕೆಯ ಆಚೆ, ಜಗಲಿಯ ಮೇಲೆ, ನಾನು ಏಳು ವರ್ಷ ಕೂತಿದ್ದ ಜಾಗದಲ್ಲೇ, ಬಟ್ಟೆಯ ಗಂಟನ್ನು ತೊಡೆಯ ಮೇಲೆ ಇಟ್ಟುಕೊಂಡು ಚನ್ನಾಜಮ್ಮ ಕೂತಿದ್ದಳು. ಒಂದು ದಿನ ಮೊದಲೇ ಬಂದಿದ್ದಳು. ಬಲಗಡೆಯನ್ನು ಕೊಟ್ಟಿಗೆಗೆ ಮಾಡಿಕೊಂಡಿದ್ದಳು.

"ಯಾವಾಗ ಬಂದೆ?" ಎಂದು ತಡವರಿಸಿದೆ.

ಆಕೆ ಬಲಗಿವಿಗೆ ಕೈ ಮರೆ ಹಿಡಿದಳು.

"ಏನೂಂದ್ರೆ? ಬದನವಾಳಿಂದ ಬಂದಾಗ್ನಿಂದ ಈ ಕಿವಿ ಯಾಕೋ ಮಂದ. ಇನ್ನೊಂದ್ಸಲ ಹೇಳಿ."

ಎದ್ದು ನಿಂತು ಇನ್ನೊಂದು ಸಲ ಹೇಳಿದೆ. ಗಟ್ಟಿಯಾಗಿಯೇ ಹೇಳಿದೆ. ಗೋಡೆಯ ಮೇಲೆ ಕೆಂಪಾಜಮ್ಮನ ಗಲ್ಲ ಕಾಣಿಸಿಕೊಂಡದ್ದನ್ನು ನೋಡಿಯೂ ಕೊನೆಯವರೆಗೆ ಹೇಳಿದೆ.

ಚನ್ನಾಜಮ್ಮ ಗಂಟು ಬಿಚ್ಚಿ, ತಾಯಿ ಕಟ್ಟಿಕೊಟ್ಟಿದ್ದ ಕಜ್ಜಾಯದ ಡಬ್ಬಿ ತೆಗೆದು ಜಗಲಿಯ ಮೇಲೆ ಇಟ್ಟಳು. ಎರಡು ಕಜ್ಜಾಯ ತೆಗೆದು ನನ್ನ ಕೈಗೆ ಹಾಕಿದಳು.

"ನಂಗೆ ಕೇಳುಸ್ತು ಬಿಡಿ," ಎಂದಳು. "ಎರಡು ವರ್ಷ ಬಾಗ್ಲು ಕಾದೋಳು ನಮ್ಮವ್ವ. ಅವ್ಳಿಗೂ ಕೇಳ್ಬೇಕಲ್ಲ. ಬದನವಾಳು ದೂರ, ಇಲ್ಲಿಂದ ಕೂಗಿದ್ರೆ ಮುಟ್ಟೋಲ್ಲ. ಪೇಪರ್ನಲ್ಲಿ ಹಾಕ್ಸಿ."

ಆದ್ದರಿಂದ 'ವಿಜ್ಞಾನದ ದಿಗ್ವಿಜಯ'ವನ್ನು ಬಚ್ಚಲ ಒಲೆಗೆ ಹಾಕಿ ಇದನ್ನು ಬರೆದಿದ್ದೇನೆ. ತಪ್ಪಾಯಿತು ಎಂದು ಹೇಳುತ್ತಿರುವುದು ಇದು ಮೂರನೆಯ ಸಲ. ಬದನವಾಳಿನಲ್ಲಿ ನಮ್ಮ ಪತ್ರಿಕೆ ತರಿಸುವವರು ಶಾಲೆಯ ಮೇಷ್ಟ್ರು ಒಬ್ಬರೇ. ಅವರು ದಯವಿಟ್ಟು ಇದನ್ನು ನಮ್ಮ ಅತ್ತೆಯವರ ಜಗಲಿಗೆ ಹೋಗಿ, ಬೀದಿಗೆಲ್ಲ ಕೇಳುವಷ್ಟು ಗಟ್ಟಿಯಾಗಿ ಓದಿ ಹೇಳಬೇಕು. ಆ ತಾಯಿಗೆ ನಿಜವಾಗಿಯೂ ಕಿವಿ ಮಂದ.